ಅಕ್ಕನ ಪೆನ್ಸಿಲ್ ಗೆರೆಗಳು

ಪ್ರಶ್ನೆ:

ನನ್ನ ತವರು ಕಾಸರಗೋಡಿನ ಪೆರ್ಲದ ಹತ್ತಿರ. ಕನ್ನಡ ಮಾಧ್ಯಮದಲ್ಲಿ ಕಲಿತವಳು. ಮದುವೆಯಾದ ಮೇಲೆ ಎರ್ನಾಕುಳಂಗೆ ಬಂದೆ. ಈಗ ಪಾಲಾರಿವಟ್ಟಂನಲ್ಲಿ ಫ್ಲಾಟಿನಲ್ಲಿದ್ದೇವೆ. ಅಕ್ಕ ಇರುವುದು ತಿರುವನಂತಪುರದಲ್ಲಿ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತಳಾದವಳು. ನಮ್ಮೆರಡು ಮನೆಯವರು ಮತ್ತು ಕೆಲವು ಮಲಯಾಳಿ ಸ್ನೇಹಿತರು ಸೇರಿ ಓದುವ ಕೂಟ ಮಾಡಿಕೊಂಡಿದ್ದೇವೆ. ಒಮ್ಮೆ ಇಲ್ಲಿ, ಒಮ್ಮೆ ಅಲ್ಲಿ ಸೇರುವುದು ರೂಢಿ.

ಈ ಸಲದ ಪುಸ್ತಕ ಅಮೆರಿಕದ ಕಾದಂಬರಿಕಾರ ಡಾನ್ ಡೆಲಿಲೊ ಅವರ ‘ವೈಟ್ ನಾಯ್ಸ್’. ಆರಿಸಿದ್ದು ಅಕ್ಕ. ಅಪ್ಪನ ವರ್ಷಾಂತಿಕ ಮುಗಿದ ವಾರ ತನ್ನದೇ ಪ್ರತಿಯನ್ನು ನನಗೆ ಕಳಿಸಿಕೊಟ್ಟಳು. ಪುಟಗಳ ಅಂಚಿನಲ್ಲಿ ಅವಳ ಪೆನ್ಸಿಲ್ ಗೆರೆಗಳಿವೆ. ಗಂಡ ಹೆಂಡತಿ ಇಬ್ಬರೂ ‘ಮೊದಲು ಸಾಯುವುದು ನಾನೇ ಆಗಲಿ’ ಎಂದು ವಾದಿಸುವ ಪುಟದಲ್ಲಂತೂ ಕಾಗದ ಹರಿಯುವಷ್ಟು ಒತ್ತಿ ಎಳೆದಿದ್ದಾಳೆ. ನಾನು ಕಷ್ಟಪಟ್ಟು ಕೊನೆಯವರೆಗೆ ಓದಿದೆ. ನನಗೆ ಒಂದು ಚೂರೂ ಹಿಡಿಸಲಿಲ್ಲ. ಏನೂ ನಡೆಯುವುದಿಲ್ಲ. ಮಕ್ಕಳೂ ಪ್ರೊಫೆಸರುಗಳ ಹಾಗೆ ಮಾತಾಡುತ್ತಾರೆ. ಪುಟ ತಿರುವಿದರೆ ಸಾಮಾನಿನ ಹೆಸರು, ಟಿವಿಯ ಸದ್ದು. ನಡುವೆ ವಿಷದ ಮೋಡ ಬರುತ್ತದೆ, ಅದನ್ನೂ ತಮಾಷೆ ಮಾಡಿದ್ದಾರೆ. ಬ್ರಹ್ಮಪುರದ ಕಸದ ಬೆಂಕಿಯ ಹೊಗೆಯಲ್ಲಿ ಕಿಟಕಿ ಮುಚ್ಚಿಕೊಂಡು, ಒದ್ದೆ ಟವೆಲು ಬಾಗಿಲ ಸಂದಿಗೆ ತುರುಕಿ ಕೂತವಳು ನಾನು. ಮೇಲಿನಿಂದ ನೀರು ಸುರಿಯಲಿಕ್ಕೆ ಹೆಲಿಕಾಪ್ಟರ್ ಬಂದಾಗ ನನಗೆ ನೆನಪಾದದ್ದು ಊರಿನ ಗೇರುತೋಟದ ಮೇಲೆ ವಿಷ ಸುರಿಯುತ್ತಾ ಹಾರುತ್ತಿದ್ದ ಹೆಲಿಕಾಪ್ಟರ್. ಅದು ಬರುವ ದಿನ ಅಮ್ಮ ಬಾವಿಗೆ ಸೋಗೆ ಮುಚ್ಚುತ್ತಿದ್ದಳು. ಇದೆಲ್ಲ ನಗುವ ಸಂಗತಿಯೇ?

ಕೂಟದಲ್ಲಿ ಅರ್ಧ ಜನ ಅದ್ಭುತ ಎಂದರು, ಅರ್ಧ ಜನ ಬೇಜಾರು ಎಂದರು. ನಾನು, ‘ಇದು ಹೊಟ್ಟೆ ತುಂಬಿದವರಿಗೆ ಬರೆದ ಪುಸ್ತಕ’ ಎಂದೆ. ಅಕ್ಕ ಎಲ್ಲರ ಎದುರೇ, ‘ನಿನಗೆ ಕಥೆ ಬೇಕಾದರೆ ಧಾರಾವಾಹಿ ನೋಡು’ ಎಂದಳು. ಆಮೇಲೆ ನಾನು ಬಾಯಿ ಬಿಡಲಿಲ್ಲ. ಫೋನು ಮಾಡಿದರೂ ಈಗ ಹವೆ, ಮಳೆಯ ಮಾತು ಅಷ್ಟೇ. ಅಪ್ಪನನ್ನು ಕೊನೆಯ ಎರಡು ವರ್ಷ ನೋಡಿಕೊಂಡವಳು ನಾನು. ಆಗ ಅವಳು ಬಂದು ಹೋಗುತ್ತಿದ್ದಳು. ಅದಕ್ಕೆ ನಾನು ಒಂದು ದಿನವೂ ಏನೂ ಅಂದವಳಲ್ಲ.

ಇನ್ನೊಂದು ವಿಷಯವನ್ನು ಯಾರಿಗೂ ಹೇಳಿಲ್ಲ. ಅಪ್ಪ ಹೋದ ಮೇಲೆ ನಾನು ವಾರಕ್ಕೊಮ್ಮೆಯಾದರೂ ಮೆಟ್ರೊ ಹತ್ತಿ ಇಡಪ್ಪಳ್ಳಿಯ ಲುಲು ಮಾಲಿಗೆ ಹೋಗುತ್ತೇನೆ. ಕೆಲವು ಸಲ ಏನೂ ಕೊಳ್ಳುವುದಿಲ್ಲ. ಸಾಲುಗಳ ನಡುವೆ ಸುಮ್ಮನೆ ನಡೆಯುತ್ತೇನೆ. ಸಮಾಧಾನವಾಗುತ್ತದೆ.

ನಾನು ದಡ್ಡಿಯೇ? ಮುಂದಿನ ಕೂಟ ಅಕ್ಕನ ಮನೆಯಲ್ಲಿ; ಹೋಗಲೇ, ಬಿಡಲೇ? ಹೋದರೆ ಪುಸ್ತಕ ಇಷ್ಟವಾಯಿತೆಂದು ಹೇಳಿ ಮುಗಿಸಿಬಿಡಲೇ? ಪ್ಲಸ್ ಟು ಓದುವ ಮಗನೂ ಈ ಪುಸ್ತಕ ಹಿಡಿದು ಕೂತಿದ್ದಾನೆ, ಸಾವಿನ ಪುಸ್ತಕವನ್ನು ಈ ವಯಸ್ಸಿನಲ್ಲಿ ಓದಬಹುದೇ?

ಹೆಸರು ಬೇಡ, ಪಾಲಾರಿವಟ್ಟಂ

ಉತ್ತರ:

ಪ್ರಿಯ ಸಹೋದರಿ,

ನೀವು ದಡ್ಡರಲ್ಲ. ಇಷ್ಟವಿಲ್ಲದ ಪುಸ್ತಕವನ್ನು ಕೊನೆಯ ಪುಟದವರೆಗೆ ಓದಿ, ಯಾಕೆ ಹಿಡಿಸಲಿಲ್ಲ ಎಂದು ನಾಲ್ಕು ಕಾರಣ ಕೊಟ್ಟವರನ್ನು ದಡ್ಡರೆನ್ನುವುದು ಯಾವ ನ್ಯಾಯ? ಮೆಚ್ಚಿದವರಲ್ಲೂ ಅಷ್ಟು ಕಾರಣ ಹೇಳಬಲ್ಲವರು ಕಡಿಮೆ.

ನಿಮ್ಮ ಕೂಟದಲ್ಲಿ ಆದ ಜಗಳ ಆ ಕಾದಂಬರಿಯ ಸ್ವಂತ ದೇಶದಲ್ಲೂ ಮುಗಿದಿಲ್ಲ. ‘ವೈಟ್ ನಾಯ್ಸ್’ ಹೊರಬಂದದ್ದು 1985ರ ಜನವರಿಯಲ್ಲಿ. ಅದೇ ವರ್ಷ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್ ಬಂತು. 2005ರಲ್ಲಿ ‘ಟೈಮ್’ ಪತ್ರಿಕೆ ತಾನು ಪಟ್ಟಿ ಮಾಡಿದ 100 ಇಂಗ್ಲಿಷ್ ಕಾದಂಬರಿಗಳಲ್ಲಿ ಇದನ್ನೂ ಸೇರಿಸಿತು. ಈ ಎರಡರ ನಡುವೆ, 2001ರಲ್ಲಿ, ಬಿ. ಆರ್. ಮೈಯರ್ಸ್ ಎಂಬ ವಿಮರ್ಶಕರು ‘ದಿ ಅಟ್ಲಾಂಟಿಕ್’ ಪತ್ರಿಕೆಯಲ್ಲಿ ಒಂದು ದೀರ್ಘ ಲೇಖನ ಬರೆದರು. ಅಮೆರಿಕದ ಹೆಸರಾಂತ ಗಂಭೀರ ಲೇಖಕರ ಗದ್ಯದಲ್ಲಿ ಹುರುಳಿಗಿಂತ ಆಡಂಬರ ಜಾಸ್ತಿ ಎಂಬುದು ಅದರ ವಾದ. ಹಾಗೆ ಹೆಸರು ಹಿಡಿದು ತರಾಟೆಗೆ ತೆಗೆದುಕೊಂಡವರಲ್ಲಿ ಡೆಲಿಲೊ ಒಬ್ಬರು. ಪಾತ್ರಗಳೆಲ್ಲ ಒಂದೇ ದನಿಯಲ್ಲಿ ಮಾತಾಡುತ್ತವೆ, ಸಾಮಾನಿನ ಪಟ್ಟಿಯನ್ನೇ ಚಿಂತನೆ ಎಂದು ಒಪ್ಪಿಸುತ್ತಾರೆ ಎಂಬ ದೂರು ಅಲ್ಲಿಯ ಓದುಗರಲ್ಲಿ ಇವತ್ತಿಗೂ ಕೇಳಿಬರುತ್ತದೆ. ನೀವು ನಿಮ್ಮ ಮನೆಯ ಸೋಫಾದಲ್ಲಿ ಕೂತು ಹೇಳಿದ್ದು ಇದನ್ನೇ.

ಕನ್ನಡದಲ್ಲೂ ಇದು ಹೊಸತಲ್ಲ. 1965ರಲ್ಲಿ ‘ಸಂಸ್ಕಾರ’ ಬಂದಾಗ, 2007ರಲ್ಲಿ ‘ಆವರಣ’ ಬಂದಾಗ ಒಂದೇ ಮನೆಯ ಊಟದ ಪಂಕ್ತಿಯಲ್ಲಿ ಎರಡು ಪಕ್ಷಗಳಾದದ್ದನ್ನು ಕಂಡವರಿದ್ದಾರೆ. ಆ ಜಗಳಗಳಲ್ಲಿ ಯಾರು ಗೆದ್ದರೆಂದು ಈಗ ಯಾರಿಗೂ ನೆನಪಿಲ್ಲ. ಆದರೆ ಯಾರು ಯಾರಿಗೆ ಏನೆಂದು ಚುಚ್ಚಿದರೆಂಬುದು ನೆನಪಿರುತ್ತದೆ. ಹಾಗಾಗಿ ಪುಸ್ತಕದ ಮಾತನ್ನು ಮೊದಲು ಮುಗಿಸಿ, ಚುಚ್ಚಿದ ಮಾತಿಗೆ ಆಮೇಲೆ ಬರುತ್ತೇನೆ.

ನಿಮ್ಮ ಒಂದು ದೂರನ್ನು ಒಪ್ಪಲಾರೆ. ‘ಏನೂ ನಡೆಯುವುದಿಲ್ಲ’ ಎಂದಿರಿ. ನಡೆಯುವುದು ಬೇಕಾದಷ್ಟಿದೆ. ಬ್ಲ್ಯಾಕ್‌ಸ್ಮಿತ್ ಎಂಬ ಸಣ್ಣ ಊರಿನ ಪ್ರೊಫೆಸರ್ ಜ್ಯಾಕ್ ಗ್ಲ್ಯಾಡ್ನಿಯ ಸುಖವಾದ ಸಂಸಾರ, ರೈಲ್ವೆ ಯಾರ್ಡಿನಲ್ಲಿ ಟ್ಯಾಂಕರ್ ವ್ಯಾಗನ್ ಒಡೆದು ಏಳುವ ವಿಷದ ಮೋಡ, ಊರಿಗೆ ಊರೇ ಗುಳೆ ಹೋಗುವುದು, ದಾರಿಯಲ್ಲಿ ಪೆಟ್ರೋಲ್ ಹಾಕಿಸಲು ಇಳಿದ ಜ್ಯಾಕ್‌ಗೆ ಆ ವಿಷ ತಗಲುವುದು, ಹೆಂಡತಿ ಬ್ಯಾಬೆಟ್ ಸಾವಿನ ಭಯ ಹೋಗಲೆಂದು ಕದ್ದು ನುಂಗುವ ‘ಡೈಲಾರ್’ ಎಂಬ ಮಾತ್ರೆ, ಆ ಮಾತ್ರೆಗಾಗಿ ಅವಳು ತೆತ್ತ ಬೆಲೆ, ಕೊನೆಗೆ ಪಿಸ್ತೂಲು. ಧಾರಾವಾಹಿಗೆ ಸಾಲುವಷ್ಟು ಘಟನೆಗಳಿವೆ. ನಿಮಗೆ ಸಿಗದೇ ಹೋದದ್ದು ಆ ಘಟನೆಗಳ ಬಿಸಿ. ಅದು ಸಿಗದ ಹಾಗೆಯೇ ಲೇಖಕರು ಬರೆದಿದ್ದಾರೆ. ಎಲ್ಲವೂ ಟಿವಿಯಲ್ಲಿ ನೋಡಿದ ಹಾಗೆ ಒಂದು ಗಾಜಿನ ಆಚೆ ನಡೆಯುತ್ತದೆ. ಮಕ್ಕಳು ಪ್ರೊಫೆಸರುಗಳ ಹಾಗೆ ಮಾತಾಡುವುದೂ ಇದೇ ಕಾರಣಕ್ಕೆ: ಆ ಮನೆಯಲ್ಲಿ ಯಾರ ಮಾತೂ ಅವರ ಸ್ವಂತದ್ದಲ್ಲ, ರೇಡಿಯೊ, ಟಿವಿ, ಜಾಹೀರಾತು ಅವರ ಬಾಯಲ್ಲಿ ಮಾತಾಡುತ್ತಿವೆ. ಗುಳೆ ಹೋದವರ ಶಿಬಿರದಲ್ಲಿ ಮಲಗಿದ ಪುಟ್ಟ ಹುಡುಗಿ ನಿದ್ದೆಯಲ್ಲಿ ಗೊಣಗುವುದು ಒಂದು ಕಾರಿನ ಹೆಸರನ್ನು. ಡೆಲಿಲೊಗೆ ಇದು ಚೆನ್ನಾಗಿ ಗೊತ್ತಿತ್ತು. ಕಾದಂಬರಿಕಾರರಾಗುವ ಮೊದಲು ಅವರು ನ್ಯೂಯಾರ್ಕಿನ ದೊಡ್ಡ ಜಾಹೀರಾತು ಕಂಪನಿಯೊಂದರಲ್ಲಿ ಜಾಹೀರಾತಿನ ಸಾಲು ಬರೆಯುವ ಕೆಲಸದಲ್ಲಿದ್ದು 1964ರಲ್ಲಿ ಬಿಟ್ಟವರು.

ಇದು ಲೇಖಕರು ಬೇಕೆಂದೇ ಮಾಡಿದ್ದು ಎಂದು ಗೊತ್ತಾದ ಮಾತ್ರಕ್ಕೆ ನೀವು ಮೆಚ್ಚಬೇಕಾಗಿಲ್ಲ. ಗಾಜಿನ ಆಚೆಗಿನ ದುಃಖ ನನಗೆ ಬೇಡ ಎನ್ನುವ ಹಕ್ಕು ಓದುಗರಿಗೆ ಇದ್ದೇ ಇದೆ. ನಿಮ್ಮ ಅಕ್ಕ ಇಷ್ಟನ್ನು ಒಪ್ಪಿದ್ದರೆ ಆ ದಿನ ಯಾರಿಗೂ ನೋವಾಗುತ್ತಿರಲಿಲ್ಲ.

ಈಗ ಹೊಗೆಯ ವಿಷಯ. ನಿಮ್ಮ ಕಾಗದದಲ್ಲಿ ನನಗೆ ಬಹಳ ಮುಖ್ಯವಾಗಿ ಕಂಡದ್ದು ಇದು. ಇದನ್ನು ನೀವು ಕೂಟದಲ್ಲಿ ಹೇಳಲೇ ಇಲ್ಲವಲ್ಲ ಎಂದು ಬೇಸರವಾಯಿತು. 2023ರ ಮಾರ್ಚ್ 2ರಂದು ಬ್ರಹ್ಮಪುರದ ಕಸದ ಗುಡ್ಡಕ್ಕೆ ಬೆಂಕಿ ಬಿತ್ತು. ಅದು ಪೂರ್ತಿ ಆರಲು ಹತ್ತು ದಿನಕ್ಕೂ ಹೆಚ್ಚು ಬೇಕಾಯಿತು. ಅಗ್ನಿಶಾಮಕ ದಳದ ಜೊತೆ ನೌಕಾಪಡೆ, ವಾಯುಪಡೆಯ ಹೆಲಿಕಾಪ್ಟರುಗಳೂ ನೀರು ಸುರಿದವು. ಮನೆಯಿಂದ ಹೊರಗೆ ಬರಬೇಡಿ, ಬಂದರೆ ಮಾಸ್ಕ್ ಹಾಕಿ ಎಂದು ಜಿಲ್ಲಾಡಳಿತ ಹೇಳಿತು. ಚಿಕ್ಕ ಮಕ್ಕಳ ಶಾಲೆಗಳಿಗೆ ರಜೆ ಕೊಟ್ಟರು. ಅದೇ ತಿಂಗಳು ಹಸಿರು ನ್ಯಾಯಮಂಡಳಿ ಕೊಚ್ಚಿ ನಗರಪಾಲಿಕೆಗೆ 100 ಕೋಟಿ ರೂಪಾಯಿ ದಂಡ ಹಾಕಿತು. ಇದಾದಾಗ ನೀವು ಪಾಲಾರಿವಟ್ಟಂನಲ್ಲಿದ್ದಿರಿ, ಅಕ್ಕ ಇನ್ನೂರು ಕಿಲೋಮೀಟರ್ ಆಚೆ ಇದ್ದರು. ನೀವು ಉಸಿರಾಡಿದ್ದನ್ನು ಅವರು ಸುದ್ದಿಯಲ್ಲಿ ನೋಡಿದರು. ಒಂದೇ ಪುಸ್ತಕ ನಿಮ್ಮಿಬ್ಬರಿಗೆ ಎರಡು ಪುಸ್ತಕವಾದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕೇ?

ಬ್ರಹ್ಮಪುರದಲ್ಲಿ ಉರಿದದ್ದು ಏನು ಎಂದು ಯೋಚಿಸಿ. ಕೊಚ್ಚಿಯ ಮನೆಗಳು ವರ್ಷಾನುಗಟ್ಟಲೆ ಅಂಗಡಿಯಿಂದ ತಂದು ಬಿಚ್ಚಿ ಎಸೆದ ಪ್ಲಾಸ್ಟಿಕ್ಕು: ಅಕ್ಕಿಯ ಚೀಲ, ಹಾಲಿನ ತೊಟ್ಟೆ, ಬಿಸ್ಕತ್ತಿನ ಹೊದಿಕೆ, ಕೊರಿಯರ್ ಕವರು. ‘ವೈಟ್ ನಾಯ್ಸ್’ ಓದಿದ ಅನೇಕರು ಸೂಪರ್‌ಮಾರ್ಕೆಟ್ಟಿನ ಅಧ್ಯಾಯ ಬೇರೆ, ವಿಷದ ಮೋಡದ ಅಧ್ಯಾಯ ಬೇರೆ ಎಂದುಕೊಳ್ಳುತ್ತಾರೆ. ಎರಡನ್ನೂ ಹೊಲಿಯಲು ಲೇಖಕರಿಗೆ ಆಗಲಿಲ್ಲ ಎಂದು ದೂರುತ್ತಾರೆ. ಜ್ಯಾಕ್ ಹೆಂಡತಿಯ ಮಾತ್ರೆ ಹುಡುಕುತ್ತಾ ಮನೆಯ ಕಸವನ್ನು ಒತ್ತುವ ಯಂತ್ರದೊಳಗಿಂದ ಗಟ್ಟಿಯಾದ ಕಸದ ಮುದ್ದೆಯನ್ನು ಹೊರತೆಗೆದು ಕೆದಕುವ ಪ್ರಸಂಗವನ್ನು ಇನ್ನೊಮ್ಮೆ ತೆಗೆದು ನೋಡಿ. ಇಡೀ ಮನೆಯ ಖರೀದಿ ಅಲ್ಲಿ ಒಂದು ದುರ್ನಾತದ ಇಟ್ಟಿಗೆಯಾಗಿ ಕೂತಿದೆ. ಲುಲುವಿನ ಬೆಳಕಿಗೂ ಬ್ರಹ್ಮಪುರದ ಹೊಗೆಗೂ ನಡುವೆ ಇರುವ ರಸ್ತೆಯನ್ನು ಅಮೆರಿಕದ ಓದುಗ ಊಹಿಸಿಕೊಳ್ಳಬೇಕು. ನೀವು ಆ ರಸ್ತೆಯಲ್ಲೇ ವಾಸವಾಗಿದ್ದೀರಿ. ಈ ಓದು ನಿಮ್ಮದು. ತಿರುವನಂತಪುರದ ಆ ಕೋಣೆಯಲ್ಲಿ ಬೇರೆ ಯಾರೂ ಇದನ್ನು ತರಲಾರರು.

ತಮಾಷೆ ಮಾಡಿದ್ದಾರೆ ಎಂಬ ನಿಮ್ಮ ಸಿಟ್ಟಿಗೆ ಅರ್ಥವಿದೆ. ಆದರೂ ಆ ನಗು ಯಾರ ಮೇಲೆ ಎಂದು ನೋಡಿ. ಮೋಡ ಏಳುವಾಗ ಜ್ಯಾಕ್ ಮನೆಯವರಿಗೆ ಧೈರ್ಯ ಹೇಳುತ್ತಾನೆ: ಇಂಥ ಅನಾಹುತ ಬಡವರಿಗೆ ಬರುವಂಥದು, ಟಿವಿಯ ಪ್ರವಾಹದಲ್ಲಿ ಯಾವ ಪ್ರೊಫೆಸರ್ ತನ್ನ ಬೀದಿಯಲ್ಲಿ ದೋಣಿ ಹುಟ್ಟು ಹಾಕುವುದನ್ನು ಕಂಡಿದ್ದೀರಿ ಎಂಬ ಧಾಟಿಯಲ್ಲಿ. ಈ ಮಾತು ಓದುವಾಗ ನನಗೆ 2018ರ ಆಗಸ್ಟಿನ ಆಲುವಾ ಕಣ್ಣ ಮುಂದೆ ಬಂತು. ಪೆರಿಯಾರ್ ಉಕ್ಕಿ ಬಂದಾಗ ದೊಡ್ಡ ಮನೆ ಸಣ್ಣ ಮನೆ ಎಂಬ ಭೇದವಿಲ್ಲದೆ ಎಲ್ಲರೂ ಮಾಳಿಗೆ ಹತ್ತಿ ನಿಂತಿದ್ದರು. ಅವರನ್ನು ಇಳಿಸಿಕೊಂಡವರು ಕಡಲ ತೀರದಿಂದ ಲಾರಿಗಳಲ್ಲಿ ದೋಣಿ ಹೇರಿಕೊಂಡು ಬಂದ ಮೀನುಗಾರರು. ಡೆಲಿಲೊ ನಗುತ್ತಿರುವುದು ‘ನನಗೆ ಬರುವುದಿಲ್ಲ’ ಎಂಬ ಆ ಪ್ರೊಫೆಸರನ ನಂಬಿಕೆಯ ಮೇಲೆ. ಮತ್ತೆ ಆ ಅಧಿಕಾರಿಯ ಮೇಲೆ. ನಿಜವಾದ ಅನಾಹುತದ ನಡುವೆ ನಿಂತು, ಇದನ್ನು ನಾವು ಮುಂದಿನ ಅಣಕು ಕಾರ್ಯಾಚರಣೆಗೆ ತಾಲೀಮಾಗಿ ಬಳಸುತ್ತಿದ್ದೇವೆ, ಗಾಯಾಳುಗಳು ನಮಗೆ ಬೇಕಾದ ಜಾಗದಲ್ಲಿ ಬಿದ್ದಿಲ್ಲ ಎಂದು ಗೊಣಗುತ್ತಾನಲ್ಲ, ಅವನ ಮೇಲೆ. ಕಚೇರಿಗಳಲ್ಲಿ ಅಲೆದ ಯಾರಿಗೂ ಆ ಮನುಷ್ಯನ ಪರಿಚಯವಿದ್ದೇ ಇರುತ್ತದೆ.

ಇಷ್ಟಾದ ಮೇಲೂ ನಿಮಗೆ ನಗು ಬರದಿದ್ದರೆ ನಾನು ಒತ್ತಾಯಿಸುವುದಿಲ್ಲ. ನಿಮ್ಮ ಊರಿನ ಕಡೆಯದು ಕಾದಂಬರಿಯಲ್ಲ. ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು ಎರಡು ದಶಕಗಳಿಗೂ ಹೆಚ್ಚು ಕಾಲ. ಎಣ್ಮಕಜೆಯ ಪಡ್ರೆಯಲ್ಲಿ ಹುಟ್ಟಿದ ಮಕ್ಕಳಲ್ಲಿ ಏನೋ ಸರಿಯಿಲ್ಲ ಎಂದು ಮೊದಲು ಗಮನಿಸಿದವರಲ್ಲಿ ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನಕುಮಾರ್ ಒಬ್ಬರು. ಲೋಕಕ್ಕೆ ತಿಳಿಸಲು ಬರೆದವರಲ್ಲಿ ಕನ್ನಡದ ಪತ್ರಕರ್ತ ಶ್ರೀಪಡ್ರೆ ಮುಂಚೂಣಿಯವರು. ಸುಪ್ರೀಂ ಕೋರ್ಟ್ ಆ ವಿಷವನ್ನು ದೇಶದಲ್ಲಿ ನಿಷೇಧಿಸುವಾಗ 2011ರ ಮೇ ಬಂದಿತ್ತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಆಜ್ಞೆಯಾಗುವಾಗ 2017. ಬಾವಿಗೆ ಸೋಗೆ ಮುಚ್ಚಿದ ತಾಯಿಯ ಮಗಳಿಗೆ ಮೇಲಿನಿಂದ ಇಳಿಯುವ ವಿಷದ ಬಗ್ಗೆ ಯಾರ ಹಾಸ್ಯವೂ ರುಚಿಸದಿದ್ದರೆ ಅದು ರಸಿಕತೆಯ ಕೊರತೆ ಅಲ್ಲ. ಆ ನೆನಪೇ ನಿಮ್ಮ ವಿಮರ್ಶೆ. ಅದನ್ನು ಅಷ್ಟೇ ಸರಳವಾಗಿ ಕೂಟದಲ್ಲಿ ಹೇಳಿ. ‘ಹೊಟ್ಟೆ ತುಂಬಿದವರ ಪುಸ್ತಕ’ ಎಂಬ ಒಂದು ಮಾತಿನಿಂದ ಕೇಳಿದವರಿಗೆ ಬೈದದ್ದು ಮಾತ್ರ ತಿಳಿಯಿತು, ಬಾವಿ ತಿಳಿಯಲಿಲ್ಲ. ಪುಸ್ತಕ ಮೆಚ್ಚಿದವರಿಗೆಲ್ಲ ಅದು ತಾಗಿತು, ಅಕ್ಕನಿಗೂ.

ಅಂದ ಹಾಗೆ, ಕಾದಂಬರಿ ಅಚ್ಚಾಗಿ ಹೊರಬರುವ ಹೊತ್ತಿಗೆ ಸರಿಯಾಗಿ, 1984ರ ಡಿಸೆಂಬರ್ 2ರ ರಾತ್ರಿ, ಭೋಪಾಲದಲ್ಲಿ ಅನಿಲ ಸೋರಿತು. ಬರೆದು ಮುಗಿಸಿದ್ದು ಅದಕ್ಕಿಂತ ಮೊದಲು. ಆದರೂ ಅಮೆರಿಕದವರು ಪುಸ್ತಕವನ್ನು ಓದಿದ್ದು ಭೋಪಾಲದ ಸುದ್ದಿ ಮನಸ್ಸಿನಲ್ಲಿರುವಾಗಲೇ. ಅಲ್ಲಿಯವರಿಗೆ ಕಲ್ಪನೆಯಾಗಿದ್ದುದು ಇಲ್ಲಿ ನಡೆದುಹೋಗಿತ್ತು.

ಲುಲುವಿನ ವಿಷಯವನ್ನು ನೀವು ತಪ್ಪೊಪ್ಪಿಗೆಯ ಹಾಗೆ ಬರೆದಿದ್ದೀರಿ. ಅದರಲ್ಲಿ ನಾಚಿಕೊಳ್ಳುವುದೇನಿಲ್ಲ. ಎರಡು ವರ್ಷ ರೋಗಿಯ ಕೋಣೆಯಲ್ಲಿ, ಮಾತ್ರೆಯ ಗಂಟೆ, ಗಂಜಿಯ ಗಂಟೆ ಎಂದು ಬದುಕಿದವರು ಆ ಗಂಟೆಗಳೆಲ್ಲ ಒಮ್ಮೆಲೇ ನಿಂತಾಗ ಎಲ್ಲಿಗೆ ಹೋಗಬೇಕು? ಅಲ್ಲಿ ತಂಪಿದೆ, ಬೆಳಕಿದೆ, ಜನರಿದ್ದಾರೆ, ಯಾರೂ ಏನೂ ಕೇಳುವುದಿಲ್ಲ. ಎಲ್ಲವೂ ತನ್ನ ತನ್ನ ಸಾಲಿನಲ್ಲಿ ಇದೆ. ಕಾದಂಬರಿಯಲ್ಲಿ ಮರ್ರೆ ಎಂಬ ಪ್ರೊಫೆಸರ್ ಸೂಪರ್‌ಮಾರ್ಕೆಟ್ಟನ್ನು ದೇವಸ್ಥಾನದ ಹಾಗೆ ವರ್ಣಿಸುವುದನ್ನು ನೀವು ಬಡಾಯಿ ಎಂದುಕೊಂಡಿರಬಹುದು. ಸಹೋದ್ಯೋಗಿಯೊಬ್ಬ ‘ನೀನು ನಿರುಪದ್ರವಿ ಮನುಷ್ಯನ ಹಾಗೆ ಕಾಣುತ್ತೀ’ ಎಂದು ಅಂದದ್ದಕ್ಕೆ ಕುಗ್ಗಿದ ಜ್ಯಾಕ್, ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಮಾಲಿಗೆ ಹೋಗಿ ಕೊಂಡದ್ದೇ ಕೊಂಡದ್ದು ಮಾಡುವ ಪುಟಗಳು ನೆನಪಿವೆಯೇ? ಕೊಳ್ಳುತ್ತಾ ಹೋದಂತೆ ಅವನು ಹಿಗ್ಗುತ್ತಾನೆ. ಮನೆಗೆ ಬಂದ ಮೇಲೆ ಎಲ್ಲರೂ ತಂತಮ್ಮ ಕೋಣೆಗೆ ಹೋಗಿ ಒಬ್ಬೊಬ್ಬರೇ ಇರಬಯಸುತ್ತಾರೆ. ನನ್ನ ಅನಿಸಿಕೆ ಇದು, ತಪ್ಪಿದ್ದರೆ ತಳ್ಳಿಹಾಕಿ: ಈ ಪುಸ್ತಕದ ಮೇಲೆ ನಿಮಗೆ ಬಂದ ಸಿಟ್ಟಿನಲ್ಲಿ ಸ್ವಲ್ಪ ಪಾಲು, ಅದು ನಿಮ್ಮ ಗುಟ್ಟನ್ನು ನೋಡಿಬಿಟ್ಟಿದ್ದರಿಂದ ಬಂದದ್ದು. ಯಾರಿಗೂ ಹೇಳದ ಸಮಾಧಾನವನ್ನು ಪರದೇಶದ ಒಬ್ಬ ಲೇಖಕ 1985ರಲ್ಲೇ ಬರೆದಿಟ್ಟಿದ್ದರೆ ಯಾರಿಗೂ ಮುಜುಗರವೇ.

ಲುಲುಗೆ ಹೋಗುವುದನ್ನು ನಿಲ್ಲಿಸಬೇಡಿ. ಆದರೆ ವಾರದಲ್ಲಿ ಒಂದು ದಿನ ಇಡಪ್ಪಳ್ಳಿಯವರೆಗೆ ಹೋಗದೆ, ಅದಕ್ಕಿಂತ ಒಂದು ನಿಲ್ದಾಣ ಮೊದಲೇ ಚಙ್ಙಂಪುಳ ಪಾರ್ಕಿನಲ್ಲಿ ಇಳಿದು ಕೂತುಕೊಳ್ಳಿ. ಜೊತೆಗೆ ಯಾರನ್ನಾದರೂ ಕರೆದುಕೊಂಡು ಹೋಗಿ ಅಪ್ಪನ ಸುದ್ದಿ ಮಾತಾಡಿ. ರಾತ್ರಿ ನಿದ್ದೆ ಬಾರದೆ, ಊಟ ಸೇರದೆ, ದಿನಗಳು ಒಂದೇ ತರ ಕಳೆಯುತ್ತಿವೆ ಎಂದಾದರೆ ಎರ್ನಾಕುಳಂನಲ್ಲೇ ಒಬ್ಬ ಆಪ್ತಸಮಾಲೋಚಕರನ್ನು ಕಾಣಿ. ಅದಕ್ಕೆ ನನ್ನ ಅಂಕಣ ಸಾಲದು.

ಇನ್ನು ಅಕ್ಕ. ಎಲ್ಲರ ಎದುರು ನಿಮ್ಮನ್ನು ಹಾಗೆ ಅಂದದ್ದು ತಪ್ಪು. ಪಾಠ ಮಾಡಿದವರು ಓದುಗರ ಬಾಯಿ ಮುಚ್ಚಿಸಬಾರದು, ಅದರಲ್ಲೂ ಕನ್ನಡ ಮಾಧ್ಯಮದಲ್ಲಿ ಕಲಿತ ತಂಗಿ ಇಂಗ್ಲಿಷ್ ಪುಸ್ತಕದ ಬಗ್ಗೆ ಧೈರ್ಯವಾಗಿ ಬಾಯಿ ಬಿಟ್ಟಾಗ. ಇದನ್ನು ಅವರಿಗೆ ನೇರವಾಗಿ ಹೇಳಬೇಕು, ಮನಸ್ಸಿನಲ್ಲಿ ಇಟ್ಟುಕೊಂಡು ಹವೆ, ಮಳೆ ಮಾತಾಡುವುದು ಬೇಡ.

ಆದರೆ ಹೇಳುವ ಮೊದಲು ಆ ಪ್ರತಿಯನ್ನು ಮತ್ತೆ ಕೈಗೆತ್ತಿಕೊಳ್ಳಿ. ಕಾದಂಬರಿಯನ್ನು ಓದುವುದು ಬೇಡ, ಪೆನ್ಸಿಲ್ ಗೆರೆಗಳನ್ನು ಮಾತ್ರ ಓದಿ. ನಿಮಗೆ ಸಾಮಾನಿನ ಹೆಸರುಗಳು ಕಂಡವು, ಟಿವಿ ಕಂಡಿತು. ಅಕ್ಕ ಒತ್ತಿ ಎಳೆದದ್ದು ಎಲ್ಲಿ ಎಂದು ನೀವೇ ಬರೆದಿದ್ದೀರಿ: ಯಾರು ಮೊದಲು ಸಾಯಬೇಕು ಎಂಬ ಪುಟದಲ್ಲಿ. ಉಳಿದ ಗೆರೆಗಳೂ ಎಲ್ಲೆಲ್ಲಿವೆ ಎಂದು ಹುಡುಕಿ. ಬ್ಯಾಬೆಟ್ ತನ್ನ ಭಯ ಒಪ್ಪಿಕೊಳ್ಳುವಲ್ಲಿ ಇದೆಯೇ? ಮೈಯೊಳಗೆ ವಿಷ ಸೇರಿದೆ ಎಂದು ಗೊತ್ತಾದ ಜ್ಯಾಕ್ ರಾತ್ರಿ ಮಲಗಿದ ಮಕ್ಕಳನ್ನು ನೋಡುತ್ತಾ ಕೂರುವಲ್ಲಿ? ಇದ್ದರೆ, ಅಕ್ಕ ಓದಿದ್ದು ಕೊಳ್ಳುಬಾಕ ಸಮಾಜದ ಕುರಿತ ಆಧುನಿಕೋತ್ತರ ಕಾದಂಬರಿಯನ್ನಲ್ಲ. ಅಪ್ಪನ ಸಾವಿನ ನಂತರ ಸಾವಿಗೆ ಹೆದರಿದ ಒಬ್ಬ ಹೆಂಗಸು ಓದಿದ ಪುಸ್ತಕ ಅದು. ನಿಮಗೆ ಅಪ್ಪನ ಹಾಸಿಗೆಯ ಪಕ್ಕದ ಎರಡು ವರ್ಷ ಸಿಕ್ಕಿತು. ಕಷ್ಟವೇ ಆದರೂ ಸಿಕ್ಕಿತು. ಸಾವು ಹೇಗೆ ಬರುತ್ತದೆ ಎಂದು ಹತ್ತಿರದಿಂದ ಕಂಡಿರಿ. ಬಂದು ಹೋಗುತ್ತಿದ್ದವರಿಗೆ ಅದು ಸಿಗುವುದಿಲ್ಲ. ಅವರು ಪ್ರತಿ ಸಲ ರೈಲು ಹತ್ತುವಾಗಲೂ ಹೆದರಿಕೆಯನ್ನು ಜೊತೆಗೆ ಒಯ್ದಿರುತ್ತಾರೆ. ನೀವು ಒಂದು ದಿನವೂ ಏನೂ ಅಂದಿಲ್ಲ ಎಂದಿರಿ. ನಿಜವಿರಬಹುದು. ಆದರೆ ಬಿಟ್ಟುಹೋದ ಅಕ್ಕಂದಿರಿಗೆ ಆ ಮೌನವೇ ಬಹಳ ಕೇಳಿಸುತ್ತದೆ. ‘ಹೊಟ್ಟೆ ತುಂಬಿದವರ ಪುಸ್ತಕ’ ಎಂದಾಗ ಅವರಿಗೆ ಏನು ಕೇಳಿಸಿತೋ!

ವರ್ಷಾಂತಿಕದ ವಾರದಲ್ಲೇ, ಅಂಗಡಿಯಿಂದ ಹೊಸ ಪ್ರತಿ ತರಿಸದೆ, ಗೆರೆ ಎಳೆದ ತಮ್ಮ ಪ್ರತಿಯನ್ನೇ ಕಳಿಸಿದರಲ್ಲ, ಅದನ್ನು ನಾನಾದರೆ ಕಾಗದ ಎಂದು ಓದುತ್ತೇನೆ. ಅವರಿಗೆ ಬಾಯಲ್ಲಿ ಹೇಳಲು ಆಗದೆ ಇದ್ದದ್ದು ಅಲ್ಲಿದೆ. ನೀವು ಕಾದಂಬರಿಗೆ ಉತ್ತರ ಕೊಟ್ಟಿರಿ, ಕಾಗದಕ್ಕೆ ಕೊಡಲಿಲ್ಲ. ಅವರೂ ತಮ್ಮ ಕಾಗದವನ್ನು ಹತ್ತು ಜನರ ಕೂಟದಲ್ಲಿ ಓದಲಿಕ್ಕೆ ಇಟ್ಟದ್ದು ಸರಿಯಲ್ಲ.

ಆದ್ದರಿಂದ ಹೋಗಿ. ಕೂಟದ ದಿನ ಎಲ್ಲರ ಜೊತೆಗಲ್ಲ, ಹಿಂದಿನ ದಿನವೇ, ಒಬ್ಬರೇ. ಎರ್ನಾಕುಳಂ ಟೌನಿನಲ್ಲಿ ರೈಲು ಹತ್ತಿದರೆ ಸಂಜೆಯೊಳಗೆ ಅಕ್ಕನ ಮನೆಯಲ್ಲಿರಬಹುದು. ರಾತ್ರಿ ಊಟವಾದ ಮೇಲೆ ಮೊದಲು ನಿಮ್ಮ ನೋವು ಹೇಳಿ: ‘ಅಕ್ಕಾ, ಆ ದಿನ ಎಲ್ಲರ ಎದುರು ಧಾರಾವಾಹಿ ನೋಡು ಅಂದಿಯಲ್ಲ, ನನಗೆ ಬೇಜಾರಾಯಿತು.’ ಇಷ್ಟೇ ಸಾಕು, ಹಳೆಯ ಲೆಕ್ಕ ತೆಗೆಯಬೇಡಿ. ಅವರು ಉತ್ತರ ಕೊಟ್ಟ ಮೇಲೆ ಪುಸ್ತಕ ತೆರೆದು ಆ ಗೆರೆ ತೋರಿಸಿ, ‘ಇಲ್ಲಿ ಯಾಕೆ ಇಷ್ಟು ಒತ್ತಿ ಎಳೆದಿದ್ದಿ?’ ಎಂದು ಕೇಳಿ. ಕೇಳಿ ಸುಮ್ಮನಿರಿ. ಅಪ್ಪನ ಕೊನೆಯ ದಿನಗಳ ಬಗ್ಗೆ ಅವರು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಬಹುಶಃ ಅವರು ಇಷ್ಟು ದಿನ ಕೇಳಲು ಹೆದರಿದ್ದು ಅದನ್ನೇ. ಅವರು ಅಳಬಹುದು, ಸಿಟ್ಟಾಗಬಹುದು, ಮಾತು ಬದಲಿಸಲೂಬಹುದು. ಮಾತು ಬದಲಿಸಿದರೆ ಆ ರಾತ್ರಿಗೆ ಬಿಟ್ಟುಬಿಡಿ. ಒಂದೇ ರಾತ್ರಿಯಲ್ಲಿ ಮುಗಿಯುವ ಮಾತಲ್ಲ.

ಪುಸ್ತಕ ಇಷ್ಟವಾಯಿತು ಎಂದು ಸುಳ್ಳು ಮಾತ್ರ ಹೇಳಬೇಡಿ. ಅಕ್ಕನಿಗೆ ಅದು ಕೂಡಲೇ ಗೊತ್ತಾಗುತ್ತದೆ, ಅವಮಾನವೂ ಆಗುತ್ತದೆ. ಕೂಟದಲ್ಲಿ ಮೆಚ್ಚಿದವರು ಎಷ್ಟು, ಮೆಚ್ಚದವರು ಎಷ್ಟು ಎಂದು ಕೈ ಎತ್ತಿಸುವ ಪದ್ಧತಿ ಇದ್ದರೆ ನಿಲ್ಲಿಸಿ. ಅದರ ಬದಲು ಒಬ್ಬೊಬ್ಬರೂ ತಮಗೆ ತಾಗಿದ ಒಂದು ಪುಟ, ತಮಗೆ ಸಹಿಸಲಾಗದ ಒಂದು ಪುಟ ಓದಲಿ, ಯಾಕೆಂದು ಹೇಳಲಿ. ನೀವು ಕಸದ ಮುದ್ದೆಯ ಪುಟ ಓದಿ ಬ್ರಹ್ಮಪುರದ ಮಾತು ಹೇಳಿ. ಮೋಡದ ಪುಟ ಓದಿ ಬಾವಿಯ ಮಾತು ಹೇಳಿ.

ಮುಂದಿನ ಪುಸ್ತಕ ಆರಿಸುವ ಸರದಿ ನಿಮ್ಮದಾಗಲಿ. ಕೊಳ್ಳುವ ಸಂಸಾರವನ್ನು ಗಾಜಿನ ಆಚೆಯಿಂದಲ್ಲ, ಅಡುಗೆಮನೆಯ ಒಳಗಿನಿಂದ ನೋಡಬೇಕೆಂದಿದ್ದರೆ ನಮ್ಮದೇ ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಇದೆ. 2013ರದ್ದು, ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಇರುವೆ ಕಾಟದ ಸಣ್ಣ ಮನೆಯಿಂದ ದೊಡ್ಡ ಮನೆಗೆ ಹೋದ ಕುಟುಂಬ ಮಸಾಲೆ ವ್ಯಾಪಾರದ ದುಡ್ಡು ಬಂದ ಮೇಲೆ ಹೇಗೆ ಸಾಮಾನು ತುಂಬಿಕೊಂಡಿತು, ಆ ದುಡ್ಡು ಮನೆಯವರನ್ನೆಲ್ಲ ಹೇಗೆ ಒಂದಾಗಿಸಿ ಕೆಡಿಸಿತು ಎಂದು ಅವರು ತಣ್ಣಗೆ ಹೇಳುತ್ತಾರೆ. ನಿಮ್ಮ ಮಲಯಾಳಿ ಸ್ನೇಹಿತರಿಗೆ ಶ್ರೀನಾಥ್ ಪೇರೂರ್ ಮಾಡಿದ ಇಂಗ್ಲಿಷ್ ಅನುವಾದ ಸಿಗುತ್ತದೆ. ಅದರ ಕೊನೆಯ ಬಗ್ಗೆಯೂ ಓದುಗರು ಒಮ್ಮತಕ್ಕೆ ಬಂದಿಲ್ಲ, ಹಾಗಾಗಿ ಕೂಟಕ್ಕೆ ಮಾತಿನ ಬರ ಬಾರದು. ಆಮೇಲೆ ಎಂಡೋಸಲ್ಫಾನ್ ಕುರಿತ ಅಂಬಿಕಾಸುತನ್ ಮಾಙಾಡ್ ಅವರ ಮಲಯಾಳಂ ಕಾದಂಬರಿ ‘ಎನ್ಮಕಜೆ’ಯನ್ನು ಹಿಡಿಯಿರಿ. ಜೆ. ದೇವಿಕಾ ಅದನ್ನು ಇಂಗ್ಲಿಷಿಗೆ ತಂದಿದ್ದಾರೆ. ಅದನ್ನು ಓದುವ ದಿನ ಕೂಟದಲ್ಲಿ ಮೊದಲು ಮಾತಾಡಬೇಕಾದವರು ನೀವಿಬ್ಬರೂ, ಅಕ್ಕ ತಂಗಿ. ಸೋಗೆ ಮುಚ್ಚಿದ ಆ ಬಾವಿ ಅವರದ್ದೂ ಹೌದು.

ಮಗನ ವಿಷಯಕ್ಕೆ ಹೆಚ್ಚು ಯೋಚನೆ ಬೇಡ. ಪ್ಲಸ್ ಟು ಹುಡುಗ ಸಾವಿನ ಬಗ್ಗೆ ಓದಲು ಚಿಕ್ಕವನಲ್ಲ. ಅಜ್ಜನನ್ನು ಅದೇ ಮನೆಯಲ್ಲಿ ಕಳೆದುಕೊಂಡವನು ಅವನು. 2022ರಲ್ಲಿ ನೋವಾ ಬಾಮ್‌ಬ್ಯಾಕ್ ಮಾಡಿದ ಸಿನಿಮಾ ಕೂಡ ಇದೆ, ಆದರೆ ಅದನ್ನು ನೋಡುವುದು ಪುಸ್ತಕ ಮುಗಿದ ಮೇಲಾಗಲಿ. ಅವನಿಗೆ ಅದರಲ್ಲಿ ಏನು ಹಿಡಿಸಿತು ಎಂದು ನೀವು ಇನ್ನೂ ಕೇಳಿದಂತೆ ಕಾಣುವುದಿಲ್ಲ. ಅಕ್ಕನ ಮನೆಗೆ ಹೊರಡುವ ಮೊದಲು ಅವನನ್ನು ಕೇಳಿ.